ಮನೆಯ ಗಣಕದಲ್ಲಿ ಕನ್ನಡ ಪುಟ: ರಚಿಸುವುದು, ಕಾಪಿಡುವುದು

ಅಂತರ್ಜಾಲ ಪುಟಗಳ ರಚನೆಯನ್ನು ಮನೆಯಲ್ಲಿಯೇ ಕಲಿಯಬಯಸುವವರು ಯಾವ ತಂತ್ರಾಂಶವನ್ನು ಕೊಳ್ಳಬೇಕೆಂದು ಮೊದಲು ವಿಚಾರಿಸುವುದುಂಟು. ಏನನ್ನೂ ಕೊಳ್ಳಬೇಕಾಗಿಲ್ಲ. ವಿಂಡೋಸ್‌ನೊಂದಿಗೇ ಬರುವ ನೋಟ್‌ಪ್ಯಾಡ್ ಮತ್ತು ಒಂದು ಬ್ರೌಸರ್ ಸಾಕು. ಶೀರ್ಷಿಕೆ ಯಾವುದು, ಪ್ಯಾರಾ ಯಾವುದು, ಚಿತ್ರ ಎಲ್ಲಿ ಎಂಬುದನ್ನು ಎಚ್‌ಟಿಎಂಎಲ್ ತಿಳಿಸುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚುಗಳನ್ನು ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ಇವೆರಡನ್ನು ಕೈಯಾರೆ ಬರೆದು ಅಭ್ಯಾಸ ಮಾಡಿದವರಿಗೆ ಮುಂದಿನದು ಕಷ್ಟವಾಗದು. ಸರಳ ಪುಟಗಳ ಆಯುಸ್ಸೂ ದೀರ್ಘ. ಫ್ಲ್ಯಾಶ್‌ನಲ್ಲಿ ಮಾಡಿದ ಆಡಂಬರದ ಪುಟಗಳು, ಅಡೋಬಿ ಸಂಸ್ಥೆಯು 2020ರ ಕೊನೆಗೆ ಅದರ ಬೆಂಬಲವನ್ನು ನಿಲ್ಲಿಸಿದ ಮೇಲೆ, ಬ್ರೌಸರ್‌ಗಳಲ್ಲಿ ತೆರೆಯದಾದವು.

ಕನ್ನಡ ಪುಟಕ್ಕೆ ಕೆಲವು ವಿಶೇಷ ಅಗತ್ಯಗಳಿವೆ. ಇಂಗ್ಲಿಷ್ ಪಠ್ಯಪುಸ್ತಕಗಳು ಇವನ್ನು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೇರುತ್ತದೆ. ಸಾಲಿನ ಎತ್ತರವನ್ನು ಅಕ್ಷರಗಾತ್ರದ 1.6 ಅಥವಾ 1.8 ಪಟ್ಟು ಇಟ್ಟರೆ ಓದು ಹಗುರವಾಗುತ್ತದೆ. ಎರಡೂ ಅಂಚುಗಳನ್ನು ಸಮಗೊಳಿಸುವ ಆಸೆ ಬೇಡ; ಸಮಾಸಪದಗಳು ಉದ್ದವಾಗಿರುವುದರಿಂದ ಪದಗಳ ನಡುವೆ ದೊಡ್ಡ ಬಿರುಕುಗಳು ಬೀಳುತ್ತವೆ. ಕಡತವನ್ನು ಯುಟಿಎಫ್-8 ಎಂದು ಉಳಿಸಬೇಕು, ಪುಟದ ತಲೆಯಲ್ಲಿಯೂ ಅದನ್ನೇ ನಮೂದಿಸಬೇಕು. ಇದನ್ನು ಮರೆತರೆ ಅಕ್ಷರಗಳ ಬದಲು ವಿಚಿತ್ರ ಚಿಹ್ನೆಗಳು ಕಾಣಿಸಿಕೊಂಡಾವು.

ಪುಟ ಸಿದ್ಧವಾಗಿ ಸರ್ವರ್ ಸೇರಿದೊಡನೆ ಅದು ಭದ್ರವಾಯಿತೆಂಬ ನಂಬಿಕೆ ಸಾಮಾನ್ಯ. ಆದರೆ ಅನುಭವ ಬೇರೆ. 1990ರ ದಶಕದಲ್ಲಿ ಉಚಿತ ಮನೆಪುಟಗಳಿಗೆ ಹೆಸರಾಗಿದ್ದ ಜಿಯೋಸಿಟೀಸನ್ನು ಯಾಹೂ 1999ರಲ್ಲಿ ಕೊಂಡು, 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಸ್ವಯಂಸೇವಕರು ಕೆಲವನ್ನು ಉಳಿಸಿಕೊಂಡರು; ಉಳಿದವುಗಳಲ್ಲಿ ತಮ್ಮ ಗಣಕದಲ್ಲಿ ಪ್ರತಿ ಇರಿಸಿಕೊಂಡವರ ಪುಟಗಳು ಮಾತ್ರ ಬದುಕಿದವು. ಆದ್ದರಿಂದ ಮೂಲ ಕಡತ ಮನೆಯಲ್ಲಿರಲಿ, ಸರ್ವರ್‌ನಲ್ಲಿರುವುದು ಅದರ ನಕಲಾಗಿರಲಿ ಎಂಬುದು ನಮ್ಮ ಸಲಹೆ.

ಇನ್ನು ಮನೆಯ ಗಣಕದಲ್ಲಿರುವ ಹಳೆಯ ಕನ್ನಡ ಕಡತಗಳ ವಿಚಾರ. ಅಜ್ಜನ ಆತ್ಮವೃತ್ತಾಂತ, ವಂಶವೃಕ್ಷ, ಸಂಘದ ಸ್ಮರಣ ಸಂಚಿಕೆಯ ಲೇಖನಗಳು ಹಲವು ಮನೆಗಳಲ್ಲಿ ಬರಹ ಅಥವಾ ನುಡಿಯ ಹಳೆಯ ಫಾಂಟುಗಳಲ್ಲಿವೆ. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ! ಕಡತ ಸುರಕ್ಷಿತವಾಗಿದ್ದರೂ ಮೊಮ್ಮಕ್ಕಳಿಗೆ ಓದಲಾಗದು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಬೇಕು. ನಡುವೆ ಇಂಗ್ಲಿಷ್ ಪದಗಳಿದ್ದಲ್ಲಿ ಅವು ಅಸಂಬದ್ಧ ಕನ್ನಡವಾಗಿ ಮಾರ್ಪಟ್ಟಿರುವ ಸಂಭವವಿದೆ. ಹಳೆಯ ಕಡತವನ್ನೂ ಫಾಂಟನ್ನೂ ಅಳಿಸಬಾರದು.

ಪ್ರತಿಗಳ ಬಗ್ಗೆ ತಜ್ಞರು ಹೇಳುವ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಮೂರನೆಯ ಮಾತು ಮುಂಬಯಿ, ಚೆನ್ನೈ ನಿವಾಸಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಸುರಿಯಿತು, 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. ನೆಲಮಹಡಿಯ ಮನೆಯಲ್ಲಿ ಗಣಕವೂ ಸಿ.ಡಿ.ಗಳೂ ಒಂದೇ ಕೋಣೆಯಲ್ಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಹಾರ್ಡ್‌ಡಿಸ್ಕನ್ನು ಒಯ್ದು ಅಣ್ಣನ ಮನೆಯ ಕಪಾಟಿನಲ್ಲಿಟ್ಟು, ಮುಂದಿನ ವರ್ಷ ಬದಲಿಸಿ ತಂದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಮನೆಯಲ್ಲಿಯೇ ಬರೆದ ಸಿ.ಡಿ.ಗಳು ಸೆಕೆ, ಬೆಳಕುಗಳಿಗೆ ಕೆಡುತ್ತವೆ. ಈಗಿನ ಅನೇಕ ಗಣಕಗಳಲ್ಲಿ ಸಿ.ಡಿ. ಡ್ರೈವೇ ಇಲ್ಲ. ಪೆನ್‌ಡ್ರೈವ್ ಸಾಗಾಟಕ್ಕೆ ಸರಿ, ದೀರ್ಘಕಾಲದ ದಾಸ್ತಾನಿಗಲ್ಲ. ಕ್ಲೌಡ್‌ನ ಕಡತಕೋಶ ಅನುಕೂಲವೇ ಹೌದು, ಆದರೆ ಗಣಕದೊಡನೆ ಸದಾ ಹೊಂದಿಕೊಂಡಿರುವುದರಿಂದ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ ಕೆಲವು ದಿನ ಉಳಿದೀತು, ಅಷ್ಟೆ. ಹೊರಗಿನ ಹಾರ್ಡ್‌ಡಿಸ್ಕನ್ನು ಪ್ರತಿ ಮಾಡಿದ ಕೂಡಲೇ ಬಿಡಿಸಿಡಬೇಕು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಂವೇರ್ ಎಂಬ ಪಿಡುಗು, ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಆರು ತಿಂಗಳಿಗೊಮ್ಮೆ ಪ್ರತಿಯಿಂದ ನಾಲ್ಕಾರು ಕಡತಗಳನ್ನು ತೆಗೆದು, ಬರಹವಾಗಲಿ ನುಡಿಯಾಗಲಿ ಇಲ್ಲದ ಬೇರೊಂದು ಗಣಕದಲ್ಲಿ ತೆರೆದು ನೋಡುವುದು ಅಗತ್ಯ. ಅಲ್ಲಿ ಕನ್ನಡ ಕನ್ನಡವಾಗಿಯೇ ಕಾಣಿಸಿದರೆ ಆ ಪ್ರತಿಯನ್ನು ಎಣಿಕೆಗೆ ಸೇರಿಸಬಹುದು.