ಹಳೆಯ ಮದ್ಯ, ಒಂದೇ ಬಟ್ಟಲು: ರೋಮಿನ ಪಾನಗೋಷ್ಠಿಗಳಲ್ಲಿ ರುಚಿಯ ವಿಮರ್ಶೆ

ಸಾಹಿತ್ಯವಿಮರ್ಶೆಯ ಪರಿಭಾಷೆಯಲ್ಲಿ ಹಲವು ಮಾತುಗಳು ನಾಲಗೆಯಿಂದ ಬಂದವು. ರಸ, ಆಸ್ವಾದ, ರುಚಿ, ಪಾಕ ಎಂಬ ಶಬ್ದಗಳನ್ನು ಬಿಟ್ಟು ಭಾರತೀಯ ಕಾವ್ಯಮೀಮಾಂಸೆಯನ್ನು ಕುರಿತು ಮಾತನಾಡುವುದು ಸಾಧ್ಯವಿಲ್ಲ. ಸುಲಭವಾಗಿ ರಸವನ್ನು ಬಿಟ್ಟುಕೊಡುವ ಕಾವ್ಯಶೈಲಿಗೆ ನಮ್ಮ ಲಾಕ್ಷಣಿಕರು ದ್ರಾಕ್ಷಾಪಾಕವೆಂದು ಹೆಸರಿಟ್ಟರು. ಪ್ರಾಚೀನ ರೋಮಿನ ಲೇಖಕರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹತ್ತಾರು ವರ್ಷ ಕೊಡದಲ್ಲಿ ಮಾಗಿದ ದ್ರಾಕ್ಷಾಮದ್ಯವನ್ನೇ ಹಳೆಯ ಕಾವ್ಯದ ಬೆಲೆಯನ್ನು ಅಳೆಯುವ ಉಪಮಾನವಾಗಿ ಬಳಸಿದರು. ಮನೆಯಲ್ಲಿ, ಗೆಳೆಯರ ನಡುವೆ, ಹಳೆಯ ಮದ್ಯದ ಗುಣದೋಷಗಳನ್ನು ವಿವೇಚಿಸುವ ರೂಢಿ ಅವರಲ್ಲಿ ಬಲವಾಗಿತ್ತು. ಹಳೆಯದು ಎಂಬ ಕಾರಣಕ್ಕೇ ಒಂದು ವಸ್ತು ಒಳ್ಳೆಯದಾಗುತ್ತದೆಯೇ, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳು ಮೊದಲು ಬಟ್ಟಲಿನ ಸುತ್ತ ಎದ್ದು, ಅನಂತರ ಗ್ರಂಥದ ಕಡೆಗೆ ತಿರುಗಿದವು. ಆ ಚರ್ಚೆಯ ಸ್ವರೂಪವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಮದ್ಯ ಹೇಗೆ ಹಳೆಯದಾಗುತ್ತಿತ್ತು ಎಂಬುದನ್ನು ತಿಳಿಯಬೇಕು. ತುಳಿದು ಹಿಂಡಿದ ದ್ರಾಕ್ಷಿಯ ರಸವು ನೆಲದಲ್ಲಿ ಹೂತ ದೊಡ್ಡ ಗುಡಾಣಗಳಲ್ಲಿ ಹುದುಗುತ್ತಿತ್ತು. ಲ್ಯಾಟಿನ್ನಿನಲ್ಲಿ ಈ ಗುಡಾಣಕ್ಕೆ ಡೋಲಿಯಂ ಎಂದು ಹೆಸರು. ಬಾಳಿಕೆ ಬರುವ ಮದ್ಯವನ್ನು ಅಲ್ಲಿಂದ ತೆಗೆದು, ಒಳಮೈಗೆ ರಾಳ ಸವರಿದ ಎರಡು ಹಿಡಿಯ ಮಣ್ಣಿನ ಕೊಡಗಳಿಗೆ, ಅಂದರೆ ಆಂಫೊರಾಗಳಿಗೆ, ತುಂಬುತ್ತಿದ್ದರು. ಅಳತೆಯ ಆಂಫೊರಾ ಒಂದರಲ್ಲಿ ಸುಮಾರು 26 ಲೀಟರ್ ಹಿಡಿಯುತ್ತಿತ್ತು. ಬಾಯಿಗೆ ಬಿರಡೆಯಿಟ್ಟು, ರಾಳದಿಂದಲೋ ಗಾರೆಯಿಂದಲೋ ಮುಚ್ಚಿ, ಊರು ಮತ್ತು ವರ್ಷವನ್ನು ಬರೆದಿಡುತ್ತಿದ್ದರು. ಮನೆಯ ಮೇಲಂತಸ್ತಿನಲ್ಲಿ, ಒಲೆಯ ಹೊಗೆ ಏರಿ ಬರುವ ಕಡೆ ಉಗ್ರಾಣವಿದ್ದರೆ ಮದ್ಯ ಬೇಗ ಮಾಗುತ್ತದೆ ಎಂದು ಕೃಷಿಗ್ರಂಥಕಾರ ಕೊಲುಮೆಲ್ಲ ಹೇಳುತ್ತಾನೆ. ಕಾಲ ಕಳೆದಂತೆ ಒಗರು ಇಳಿದು ತಳದಲ್ಲಿ ಗಸಿ ಕೂರುತ್ತಿತ್ತು. ಆದ್ದರಿಂದ ಬಡಿಸುವ ಮುನ್ನ ಸೋಸಬೇಕಾಗಿತ್ತು. ಕುಡಿಯುವಾಗ ಬಿಸಿನೀರನ್ನೋ ತಣ್ಣೀರನ್ನೋ ಬೆರೆಸುವುದು ಸಭ್ಯರ ಪದ್ಧತಿಯಾಗಿತ್ತು. ಒಮ್ಮೆ ತೆರೆದ ಕೊಡ ಗಾಳಿ ಸೋಕಿದರೆ ಹುಳಿಯಾಗುತ್ತದೆ. 26 ಲೀಟರನ್ನು ಒಬ್ಬನೇ ಕುಡಿದು ಮುಗಿಸಲಾರ. ಹಳೆಯ ಕೊಡವನ್ನು ತೆರೆಯಬೇಕಾದರೆ ಗೆಳೆಯರು ಬೇಕಾಗಿತ್ತು. ಭೋಜನಶಾಲೆಯ ಮೂರು ಮಂಚಗಳಲ್ಲಿ ಒಂಬತ್ತು ಜನ ಒರಗಿ ಕೂರುವುದು ವಾಡಿಕೆ. ಅತಿಥಿಗಳ ಸಂಖ್ಯೆ ಮೂವರು ಸೌಂದರ್ಯದೇವತೆಗಳಿಗಿಂತ ಕಡಿಮೆಯಾಗಬಾರದು, ಒಂಬತ್ತು ಕಲಾದೇವತೆಗಳಿಗಿಂತ ಹೆಚ್ಚಾಗಬಾರದು ಎಂದು ವಿದ್ವಾಂಸನಾದ ವಾರ್ರೊ ವಿಧಿಸಿದ್ದನೆಂದು ಔಲುಸ್ ಗೆಲ್ಲಿಯುಸ್ ದಾಖಲಿಸುತ್ತಾನೆ.

ರೋಮಿನಲ್ಲಿ ವರ್ಷಗಳನ್ನು ಗುರುತಿಸುತ್ತಿದ್ದುದು ಆ ವರ್ಷ ಅಧಿಕಾರದಲ್ಲಿದ್ದ ಕಾನ್ಸಲರ ಹೆಸರಿನಿಂದ. ಕೊಡದ ಮೇಲಿನ ಬರಹವೂ ಅದೇ. ಹೀಗೆ ಖ್ಯಾತಿವೆತ್ತ ವರ್ಷಗಳಲ್ಲಿ ಕ್ರಿ.ಪೂ. 121 ಅಗ್ರಗಣ್ಯವಾದುದು; ಲೂಸಿಯುಸ್ ಒಪಿಮಿಯುಸ್ ಕಾನ್ಸಲನಾಗಿದ್ದ ವರ್ಷ ಅದು. ಆ ವರ್ಷದ ಬಿಸಿಲು ಹಣ್ಣನ್ನು ಬೇಯಿಸಿದಂತೆ ಪಕ್ವಗೊಳಿಸಿತೆಂದೂ, ಎಲ್ಲ ಬಗೆಯ ಮದ್ಯಗಳೂ ಅಸಾಧಾರಣವಾಗಿದ್ದವೆಂದೂ ಹಿರಿಯ ಪ್ಲಿನಿ ತನ್ನ ‘ಪ್ರಕೃತಿ ಚರಿತ್ರೆ’ಯ ಹದಿನಾಲ್ಕನೆಯ ಭಾಗದಲ್ಲಿ ಬರೆಯುತ್ತಾನೆ. ಒಪಿಮಿಯನ್ ಎಂಬ ಹೆಸರು ಶ್ರೇಷ್ಠತೆಗೆ ಪರ್ಯಾಯವಾಯಿತು. ಆದರೆ ಇತಿಹಾಸದ ವಿದ್ಯಾರ್ಥಿಗೆ ಇದೇ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಭೂಸುಧಾರಣೆಯ ನಾಯಕನಾದ ಗಾಯುಸ್ ಗ್ರಾಕ್ಕುಸನ ಮೇಲೆ ಅದೇ ವರ್ಷ ಸಶಸ್ತ್ರರನ್ನು ಹರಿಯಬಿಟ್ಟವನು ಒಪಿಮಿಯುಸ್. ಗಾಯುಸನೊಂದಿಗೆ 3000 ಜನ ಸತ್ತರೆಂದು ಪ್ಲೂಟಾರ್ಕ್ ಹೇಳುತ್ತಾನೆ. ಆ ರಕ್ತಪಾತದ ತರುವಾಯ ಒಪಿಮಿಯುಸ್ ನಗರದಲ್ಲಿ ಸಾಮರಸ್ಯದೇವಿಯ ಗುಡಿಯನ್ನು ಕಟ್ಟಿಸಿದ. ಒಂದೇ ಹೆಸರು ರಾಜಕೀಯದ ನೆನಪಿನಲ್ಲಿ ಕೊಲೆಯನ್ನೂ ಉಗ್ರಾಣದ ನೆನಪಿನಲ್ಲಿ ಮಾಧುರ್ಯವನ್ನೂ ಸೂಚಿಸಿತು. ಕೊಡದ ಮೇಲಿನ ಗುರುತು ಕಾಲವನ್ನು ಹೇಳುತ್ತದೆ, ಕಾಲದೊಳಗಿನದನ್ನು ಹೇಳುವುದಿಲ್ಲ.

ಈ ಗುರುತಿಗೆ ಲ್ಯಾಟಿನ್ನಿನಲ್ಲಿ ‘ನೋಟ’ ಎಂದು ಹೆಸರು. ಕನ್ನಡದ ‘ನೋಟ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿ ಅದರ ಅರ್ಥ ಚಿಹ್ನೆ, ಮುದ್ರೆ. ಮದ್ಯದ ದರ್ಜೆಯನ್ನು ಸೂಚಿಸುವ ಇದೇ ಶಬ್ದಕ್ಕೆ, ನಾಗರಿಕರ ನಡತೆಯನ್ನು ಪರಿಶೀಲಿಸುತ್ತಿದ್ದ ಸೆನ್ಸಾರ್ ಎಂಬ ಅಧಿಕಾರಿ ಕಳಂಕಿತನ ಹೆಸರಿನ ಮುಂದೆ ಹಾಕುತ್ತಿದ್ದ ಗುರುತು ಎಂಬ ಅರ್ಥವೂ ಉಂಟು. ವಸ್ತುವಿನ ದರ್ಜೆ, ಮನುಷ್ಯನ ದರ್ಜೆ ಎರಡಕ್ಕೂ ಒಂದೇ ಮಾತು. ಮುಂದಿನ ಚರ್ಚೆಗೆ ಈ ದ್ವಂದ್ವಾರ್ಥ ಮುಖ್ಯವಾದುದು.

ಸಿಸೆರೊ ಕ್ರಿ.ಪೂ. 46ರಲ್ಲಿ ರಚಿಸಿದ ‘ಬ್ರೂಟುಸ್’ ರೋಮನ್ ವಾಗ್ಮಿಗಳ ಇತಿಹಾಸ. ಅದು ಇಬ್ಬರು ಗೆಳೆಯರು, ಆಟ್ಟಿಕುಸ್ ಮತ್ತು ಬ್ರೂಟುಸ್, ಸಿಸೆರೊನ ಮನೆಗೆ ಬಂದಾಗ ನಡೆದ ಸಂಭಾಷಣೆಯ ರೂಪದಲ್ಲಿದೆ. ಅಂದಿನ ಕೆಲವು ಯುವ ವಾಗ್ಮಿಗಳು ಗ್ರೀಕ್ ಇತಿಹಾಸಕಾರ ಥುಸಿಡಿಡೀಸನ ಬಿಗಿಯಾದ ಹಳೆಯ ಶೈಲಿಯನ್ನು ಅನುಕರಿಸುತ್ತಿದ್ದರು. ಅವರ ವಿಷಯದಲ್ಲಿ ಸಿಸೆರೊ ಮದ್ಯದ ಉಪಮೆಯನ್ನು ತರುತ್ತಾನೆ. ಕಾಂಪಾನಿಯಾ ಸೀಮೆಯ ಫಲೆರ್ನಿಯನ್ ಮದ್ಯವನ್ನು ಮೆಚ್ಚುವವನು ಹೋದ ವರ್ಷದ್ದನ್ನು ಬಯಸುವುದಿಲ್ಲ, ಹಾಗೆಂದು ಒಪಿಮಿಯುಸನ ಕಾಲದ್ದನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಆ ಗುರುತುಗಳು ಉತ್ತಮವಾದವೆಂದು ಸಿಸೆರೊ ಒಪ್ಪುತ್ತಾನೆ. ಆದರೆ ಮಿತಿಮೀರಿದ ಮುಪ್ಪಿನಲ್ಲಿ ನಾವು ಅರಸುವ ಸವಿ ಉಳಿದಿರುವುದಿಲ್ಲ ಎನ್ನುತ್ತಾನೆ. ಆಗ ಒಪಿಮಿಯನ್ ಮದ್ಯಕ್ಕೆ 75 ವರ್ಷ. ಗೌರವ ಬೇರೆ, ಆಸ್ವಾದ ಬೇರೆ ಎಂಬ ಸೂಕ್ಷ್ಮವಾದ ವಿವೇಕವನ್ನು ಇಲ್ಲಿ ಕಾಣುತ್ತೇವೆ. ಥುಸಿಡಿಡೀಸ್ ಸಣ್ಣವನೆಂದು ಸಿಸೆರೊ ಹೇಳುವುದಿಲ್ಲ. ಅವನನ್ನು ಮೆಚ್ಚುವ ಕಾರಣ ಅವನ ವಯಸ್ಸಾಗಬಾರದು ಎನ್ನುತ್ತಾನೆ.

ಕವಿ ಹೊರೇಸ್ ಇದೇ ಪ್ರಶ್ನೆಯನ್ನು ಆಗಸ್ಟಸ್ ಚಕ್ರವರ್ತಿಗೆ ಬರೆದ ಪದ್ಯರೂಪದ ಪತ್ರದಲ್ಲಿ ವ್ಯಂಗ್ಯವಾಗಿ ಎತ್ತುತ್ತಾನೆ. ಮದ್ಯದಂತೆ ಕಾವ್ಯವೂ ಕಾಲದಿಂದಲೇ ಉತ್ತಮವಾಗುವುದಾದರೆ, ಹಾಳೆಗೆ ಬೆಲೆ ಬರುವುದು ಎಷ್ಟನೆಯ ವರ್ಷಕ್ಕೆ ಎಂಬುದು ಅವನ ಪ್ರಶ್ನೆ. ಸತ್ತು ನೂರು ವರ್ಷವಾದ ಕವಿ ಪ್ರಾಚೀನನಾದರೆ, ಒಂದು ತಿಂಗಳು ಕಡಿಮೆಯಾದವನ ಗತಿಯೇನು? ಕುದುರೆಯ ಬಾಲದಿಂದ ಒಂದೊಂದೇ ಕೂದಲನ್ನು ಕೀಳುವಂತೆ ಒಂದೊಂದೇ ವರ್ಷವನ್ನು ಕಳೆಯುತ್ತ ಹೋಗಿ ಅವನು ಎದುರಾಳಿಯ ವಾದವನ್ನು ಬರಿದು ಮಾಡುತ್ತಾನೆ. ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಕಾಳಿದಾಸನೂ ಹಳತು ಹೊಸತುಗಳ ಈ ಪ್ರಶ್ನೆಯನ್ನು ಎದುರಿಸಿದ್ದನ್ನು ನಮ್ಮ ಓದುಗರು ಬಲ್ಲರು.

ಹಾಗೆಂದು ಹೊರೇಸ್ ಹಳೆಯದರ ಶತ್ರುವಲ್ಲ. ಗೆಳೆಯರನ್ನು ಊಟಕ್ಕೆ ಕರೆಯುವ ಅವನ ಕವಿತೆಗಳಲ್ಲಿ ವರ್ಷದ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ತಾನು ಹುಟ್ಟಿದ ವರ್ಷವಾದ ಕ್ರಿ.ಪೂ. 65ರಲ್ಲಿಯೇ ತುಂಬಿದ ಒಂದು ಕೊಡವನ್ನು ಅವನು ತನ್ನ ಜೊತೆಯಲ್ಲಿ ಹುಟ್ಟಿದ್ದೆಂದು ಸಂಬೋಧಿಸುತ್ತಾನೆ. ಸಿರಿವಂತನಾದ ಮೈಸೀನಸನಿಗೆ ತನ್ನ ಮನೆಯಲ್ಲಿ ಸಿಗುವುದು ಸಾಧಾರಣವಾದ ಸಬೈನ್ ಮದ್ಯ ಮಾತ್ರ ಎಂದು ಮೊದಲೇ ತಿಳಿಸಿ, ರಂಗಮಂದಿರದಲ್ಲಿ ಜನ ಮೈಸೀನಸನಿಗೆ ಚಪ್ಪಾಳೆ ತಟ್ಟಿದ ದಿನ ತಾನೇ ಅದರ ಬಾಯಿ ಮುಚ್ಚಿದ್ದಾಗಿ ನೆನಪಿಸುತ್ತಾನೆ. ಇಲ್ಲಿ ಕಾನ್ಸಲನ ಹೆಸರಿನ ಜಾಗದಲ್ಲಿ ಗೆಳೆಯನ ನೆನಪು ನಿಂತಿದೆ. ಅಗ್ಗದ ಮದ್ಯಕ್ಕೆ ಅಂಥ ಕಾಲಗಣನೆಯೊಂದು ದೊರೆತಿದೆ.

ಬೆಲೆ ಕಟ್ಟುವ ಕ್ರಮದಲ್ಲಿ ವೈದ್ಯರ ಪಾತ್ರವೂ ಇತ್ತು. ಕ್ರಿ.ಶ. 200ರ ಸುಮಾರಿನ ಅಥೀನಿಯಸನ ‘ಭೋಜನವಿದ್ವಾಂಸರು’ ಎಂಬ ಗ್ರಂಥ, ರೋಮಿನ ಲಾರೆನ್ಸಿಸ್ ಎಂಬ ಶ್ರೀಮಂತನ ಮನೆಯ ಊಟದಲ್ಲಿ ಸೇರಿದ ವಿದ್ವಾಂಸರ ಸಂಭಾಷಣೆಯಾಗಿ ರೂಪುಗೊಂಡಿದೆ. ಆ ಅತಿಥಿಗಳಲ್ಲಿ ವೈದ್ಯ ಗೇಲನ್ ಒಬ್ಬ. ಫಲೆರ್ನಿಯನ್ ಮದ್ಯ 10 ವರ್ಷಕ್ಕೆ ಕುಡಿಯಲು ಯೋಗ್ಯ, 15ರಿಂದ 20 ವರ್ಷದವರೆಗೆ ಉತ್ತಮ, ಅದಕ್ಕೂ ಮೀರಿದರೆ ತಲೆನೋವು ತರುತ್ತದೆ; ಸೊರೆಂಟೊ ಸೀಮೆಯದು 25 ವರ್ಷದ ಬಳಿಕವಷ್ಟೇ ಹದಕ್ಕೆ ಬರುತ್ತದೆ ಎಂಬ ವಿವರಗಳು ಅಲ್ಲಿವೆ. ಒಂದೊಂದು ಮದ್ಯಕ್ಕೂ ಅದರದೇ ಆದ ಪ್ರಾಯವಿದೆ ಎಂಬುದು ಇದರ ತಾತ್ಪರ್ಯ. ಗೇಲನ್ ತನ್ನ ಗ್ರಂಥವೊಂದರಲ್ಲಿ, ಚಕ್ರವರ್ತಿ ಮಾರ್ಕಸ್ ಔರೇಲಿಯಸನ ಔಷಧಕ್ಕಾಗಿ ಅರಮನೆಯ ಉಗ್ರಾಣದಲ್ಲಿ ಉತ್ತಮ ಮದ್ಯವನ್ನು ಆರಿಸಿದ ಬಗೆಯನ್ನು ವಿವರಿಸುತ್ತಾನೆ. ಮೊದಲು ಕೊಡಗಳ ಮೇಲಿನ ವರ್ಷವನ್ನು ಓದಿಕೊಂಡು, 20 ವರ್ಷ ದಾಟಿದ ಫಲೆರ್ನಿಯನ್ ಕೊಡಗಳ ರುಚಿಯನ್ನು ಒಂದೊಂದಾಗಿ ನೋಡುತ್ತ, ಕಹಿಯಿಲ್ಲದ, ಸವಿ ಅಳಿಯದ ಮದ್ಯ ಸಿಕ್ಕಿದಲ್ಲಿ ಅವನು ನಿಂತ. ಬರಹ ಅವನ ಹುಡುಕಾಟಕ್ಕೆ ದಾರಿ ತೋರಿತು. ತೀರ್ಮಾನ ಕೊಟ್ಟದ್ದು ನಾಲಗೆ. ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಯ ಕಾಲವನ್ನೂ ಪಾಠದ ಯೋಗ್ಯತೆಯನ್ನೂ ಬೇರೆ ಬೇರೆಯಾಗಿ ತೂಗುವ ನಮ್ಮ ವಿದ್ವಾಂಸರಿಗೆ ಈ ವಿಧಾನ ಅಪರಿಚಿತವೆನಿಸದು.

ಗುರುತನ್ನೇ ನಂಬಿದವನ ಚಿತ್ರ ಪೆಟ್ರೋನಿಯುಸನ ‘ಸಟಿರಿಕಾನ್’ ಕೃತಿಯಲ್ಲಿದೆ. ಹೊಸ ಸಿರಿವಂತ ಟ್ರಿಮಾಲ್ಕಿಯೊ ತನ್ನ ಮನೆಯ ಔತಣದಲ್ಲಿ ಗಾಜಿನ ಕೊಡಗಳನ್ನು ತರಿಸುತ್ತಾನೆ. ಅವುಗಳ ಕೊರಳಿನ ಚೀಟಿಯಲ್ಲಿ ನೂರು ವರ್ಷದ ಒಪಿಮಿಯನ್ ಫಲೆರ್ನಿಯನ್ ಎಂದು ಬರೆದಿದೆ. ಕೃತಿ ನೀರೊ ಚಕ್ರವರ್ತಿಯ ಕಾಲದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ಹೊತ್ತಿಗೆ ಕ್ರಿ.ಪೂ. 121ರ ಮದ್ಯಕ್ಕೆ 170 ವರ್ಷಗಳಿಗೂ ಮಿಕ್ಕಿ ವಯಸ್ಸಾಗಿರಬೇಕು. ಅತಿಥಿಗಳು ಚೀಟಿಯನ್ನು ಓದುತ್ತಿರುವಾಗಲೇ ಯಜಮಾನ ತನ್ನ ಔದಾರ್ಯವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಅದೇ ಶತಮಾನದ ಹಿರಿಯ ಪ್ಲಿನಿ, ನಿಜವಾದ ಒಪಿಮಿಯನ್ ತನ್ನ ಕಾಲಕ್ಕೆ ಗಡುಸಾದ ಜೇನಿನಂತಾಗಿತ್ತೆಂದೂ, ಕಹಿಯ ದೆಸೆಯಿಂದ ಹಾಗೆಯೇ ಕುಡಿಯಲಾಗದೆ ಬೇರೆ ಮದ್ಯಕ್ಕೆ ಒಗ್ಗರಣೆಯಂತೆ ತುಸು ಬೆರೆಸುತ್ತಿದ್ದರೆಂದೂ ತಿಳಿಸುತ್ತಾನೆ. ಎರಡು ಮಾತನ್ನೂ ಜೊತೆಗಿಟ್ಟು ಓದಿದಾಗ ಟ್ರಿಮಾಲ್ಕಿಯೊನ ಔತಣದ ನಗೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಇದುವರೆಗಿನದು ವಸ್ತುವಿನ ಪರೀಕ್ಷೆ. ಇದಕ್ಕಿಂತ ಗಂಭೀರವಾದುದು ಪರೀಕ್ಷಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ. ಕಿರಿಯ ಪ್ಲಿನಿ ಆವಿಟುಸ್ ಎಂಬ ಯುವಕನಿಗೆ ಬರೆದ ಪತ್ರದಲ್ಲಿ ತಾನು ಕಂಡ ಒಂದು ಊಟವನ್ನು ವರ್ಣಿಸುತ್ತಾನೆ. ಆ ಯಜಮಾನ ಪುಟ್ಟ ಹೂಜಿಗಳಲ್ಲಿ ಮೂರು ದರ್ಜೆಯ ಮದ್ಯವನ್ನು ಹಂಚಿಟ್ಟಿದ್ದ: ತನಗೂ ಪ್ಲಿನಿಯಂಥವರಿಗೂ ಒಂದು, ಕೆಳದರ್ಜೆಯ ಗೆಳೆಯರಿಗೆ ಇನ್ನೊಂದು, ದಾಸ್ಯದಿಂದ ಬಿಡುಗಡೆ ಪಡೆದವರಿಗೆ ಮತ್ತೊಂದು. ಪಕ್ಕದವನು ವಿಚಾರಿಸಿದಾಗ ಪ್ಲಿನಿ, ತಾನು ಜನರನ್ನು ಕರೆಯುವುದು ಊಟಕ್ಕೇ ಹೊರತು ‘ನೋಟ’ ಹಾಕುವುದಕ್ಕಲ್ಲ ಎಂದು ಉತ್ತರಿಸಿದ. ಮೇಲೆ ಹೇಳಿದ ಶಬ್ದದ ಎರಡೂ ಅರ್ಥಗಳು ಇಲ್ಲಿ ಕೂಡುತ್ತವೆ. ಹಾಗೆ ಮಾಡಿದರೆ ಖರ್ಚು ಹೆಚ್ಚಲ್ಲವೇ ಎಂಬ ಪ್ರಶ್ನೆಗೆ, ತಾನು ಕುಡಿಯುವುದನ್ನು ಅವರು ಕುಡಿಯುವುದಿಲ್ಲ, ಅವರು ಕುಡಿಯುವುದನ್ನೇ ತಾನು ಕುಡಿಯುತ್ತೇನೆ ಎಂಬುದು ಅವನ ಸಮಾಧಾನ. ಜೂವೆನಲ್ ತನ್ನ ಐದನೆಯ ವಿಡಂಬನೆಯಲ್ಲಿ ಇದಕ್ಕೆ ವಿರುದ್ಧವಾದ ಮನೆಯನ್ನು ತೋರಿಸುತ್ತಾನೆ. ಅಲ್ಲಿ ಯಜಮಾನ ಪುರಾತನ ಮದ್ಯವನ್ನು ತಾನೊಬ್ಬನೇ ಸವಿಯುತ್ತಾನೆ; ಕಾಯಿಲೆಯ ಗೆಳೆಯನಿಗೂ ಒಂದು ಗುಟುಕು ಕಳಿಸುವುದಿಲ್ಲ.

ಪ್ಲಿನಿಯ ಮಾತು ಸೌಜನ್ಯದ ಪಾಠ ಮಾತ್ರವಲ್ಲ. ಅದರಲ್ಲಿ ವಿಮರ್ಶೆಯ ತತ್ತ್ವವೊಂದು ಅಡಗಿದೆ. ಒಂದೇ ಮಂಚದ ಮೇಲಿನವರಿಗೆ ಬೇರೆ ಬೇರೆ ಮದ್ಯವನ್ನು ಕೊಟ್ಟರೆ ಅವರು ರುಚಿಯನ್ನು ಕುರಿತು ಮಾತನಾಡುವಂತೆಯೇ ಇಲ್ಲ. ಹೋಲಿಕೆ, ಭಿನ್ನಾಭಿಪ್ರಾಯ, ತಿದ್ದುಪಡಿ ಇವೆಲ್ಲ ಸಾಧ್ಯವಾಗುವುದು ಎಲ್ಲರ ಬಟ್ಟಲಿನಲ್ಲೂ ಒಂದೇ ವಸ್ತು ಇದ್ದಾಗ. ಆದರೆ ಪ್ಲಿನಿಯ ಸಮಾನತೆಗೂ ಎಲ್ಲೆಯಿತ್ತು. ಮಂಚದ ಬಳಿ ನಿಂತು ಬಟ್ಟಲು ತುಂಬುತ್ತಿದ್ದ ದಾಸರು ಆ ಗೋಷ್ಠಿಯ ಸದಸ್ಯರಲ್ಲ. ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ಮೂರು ತಿಂಗಳ ಕಾಲ ದಾಸರಿಗೆ ಹಿಂಡಿದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ತೆಗೆದ ಪಾನೀಯವನ್ನು ಕೊಡಬೇಕೆಂದು ಕ್ರಿ.ಪೂ. ಎರಡನೆಯ ಶತಮಾನದ ಕೇಟೊ ತನ್ನ ಕೃಷಿಗ್ರಂಥದಲ್ಲಿ ವಿಧಿಸಿದ್ದಾನೆ. ಹಳೆಯ ಮದ್ಯಕ್ಕೆ ಕಾರಣರಾದ ಕೈಗಳಿಗೆ ಅದನ್ನು ಕುರಿತು ಅಭಿಪ್ರಾಯ ಹೇಳುವ ಅವಕಾಶ ಸಿಗಲಿಲ್ಲ.

ಭಾರತಕ್ಕೂ ಈ ಲೋಕಕ್ಕೂ ಸಂಪರ್ಕವಿತ್ತು. ಭರುಕಚ್ಛದ ಬಂದರಿಗೆ ಬರುತ್ತಿದ್ದ ಸರಕುಗಳಲ್ಲಿ ಇಟಲಿಯ ಮದ್ಯಕ್ಕೆ ಆದ್ಯತೆಯಿತ್ತೆಂದು ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಹೇಳುತ್ತದೆ. ನಾಗರಿಕರು ಪರಸ್ಪರರ ಮನೆಗಳಲ್ಲಿ ಪಾನಗೋಷ್ಠಿ ನಡೆಸುತ್ತಿದ್ದುದನ್ನು ವಾತ್ಸ್ಯಾಯನ ಹೇಳುತ್ತಾನೆ. ಹೊಸ ಮದ್ಯ ಜಡವಾದುದು, ಹಳೆಯದು ಲಘುವಾದುದು ಎಂಬುದು ಚರಕಸಂಹಿತೆಯ ಮತ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಮದ್ಯತ್ಯಾಗವನ್ನು ಶ್ರಾವಕರ ಮೂಲಗುಣಗಳಲ್ಲಿ ಎಣಿಸುವ ಧರ್ಮಕ್ಕೆ ಸೇರಿದ ಪಂಪನೂ ‘ವಿಕ್ರಮಾರ್ಜುನವಿಜಯ’ದಲ್ಲಿ ಪಾನಗೋಷ್ಠಿಯನ್ನು ವರ್ಣಿಸಿದ್ದಾನೆ. ವಸ್ತುವನ್ನು ವ್ರತದಿಂದ ತ್ಯಜಿಸಿದವನೂ ಅದರ ಸುತ್ತಲಿನ ಲೋಕವ್ಯವಹಾರವನ್ನು ಅರಿಯಬಲ್ಲ ಎಂಬುದಕ್ಕೆ ಇದು ನಿದರ್ಶನ.

ರೋಮಿನ ಈ ಚರ್ಚೆಯಿಂದ ಸಾಹಿತ್ಯದ ವಿದ್ಯಾರ್ಥಿಗೆ ಎರಡು ಸಂಗತಿಗಳು ಮನವರಿಕೆಯಾಗಬೇಕು. ಪ್ರಾಚೀನತೆ ಒಂದು ಕೃತಿಯನ್ನು ತೆರೆದು ನೋಡಲು ತಕ್ಕ ಕಾರಣ. ಮೆಚ್ಚುವುದಕ್ಕೆ ಅದೊಂದೇ ಸಾಲದು. ಮತ್ತು ವಿಮರ್ಶೆ ನಡೆಯಬೇಕಾದರೆ ಕೃತಿ ಎಲ್ಲರ ಮುಂದೆ ಒಂದೇ ರೂಪದಲ್ಲಿ ಇರಬೇಕು. ತರಗತಿಯಲ್ಲಿ ಹಳಗನ್ನಡದ ಪಠ್ಯ ಅಧ್ಯಾಪಕನ ಮೇಜಿನ ಮೇಲೆ ಇದ್ದು, ವಿದ್ಯಾರ್ಥಿಗಳ ಕೈಯಲ್ಲಿ ಸಾರಾಂಶದ ಟಿಪ್ಪಣಿ ಮಾತ್ರ ಇದ್ದರೆ, ಅಲ್ಲಿ ನಡೆಯುವುದು ಮೂರು ದರ್ಜೆಯ ಹೂಜಿಗಳ ಊಟವೇ. ಮೂಲವನ್ನು ಓದದವನಿಗೆ ಕವಿಯ ಶ್ರೇಷ್ಠತೆ ಕೊಡದ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಅದನ್ನು ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಅವನಲ್ಲಿ ಆಧಾರವಿರುವುದಿಲ್ಲ.