ಗರ್ಭಿಣಿಯರಿಗೆ ಜೀವಸತ್ವದ ಗುಳಿಗೆ: ಯಾವುದು, ಯಾವಾಗ, ಎಷ್ಟು?

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಸಂತಾನಭಾಗ್ಯ ಬೇಡಿ ಕೂರುವ ದಂಪತಿಗಳು ಅನೇಕರು. ಗರ್ಭಿಣಿಯರ ಗುಳಿಗೆಗಳ ವಿಚಾರವನ್ನು ಅಲ್ಲಿಂದಲೇ ಆರಂಭಿಸುವುದು ಸೂಕ್ತ. ಏಕೆಂದರೆ ಅವುಗಳಲ್ಲಿ ಬಹುಮುಖ್ಯವಾದ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಸೇವಿಸತೊಡಗಬೇಕು. ಶಿಶುವಿನ ಮೆದುಳು ಹಾಗೂ ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತುದನ್ನು ಗಮನಿಸಿ ಆಸ್ಪತ್ರೆಗೆ ಹೋಗುವ ವೇಳೆಗೆ ಆ ಕಾಲ ಬಹುಮಟ್ಟಿಗೆ ಕಳೆದಿರುತ್ತದೆ. ಆದ್ದರಿಂದ ಮಗುವನ್ನು ಬಯಸುವ ಸ್ತ್ರೀಯರು ಮುಂಚಿತವಾಗಿಯೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಲು ಆರಂಭಿಸಿ, ಗರ್ಭದ ಮೊದಲ ಮೂರು ತಿಂಗಳು ಮುಂದುವರಿಸುವುದು ರೂಢಿ. ಹಿಂದೆ ನರನಾಳದ ದೋಷವಿರುವ ಮಗು ಜನಿಸಿದ್ದಲ್ಲಿ ಅಥವಾ ತಾಯಿ ಮೂರ್ಛೆರೋಗದ ಔಷಧ ಸೇವಿಸುತ್ತಿದ್ದಲ್ಲಿ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ನಿರ್ಧರಿಸಬೇಕು.

ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಗುಳಿಗೆಯ ಸರದಿ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದ ಪ್ರಕಾರ ಗರ್ಭಿಣಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಕೆಂಪು ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನೀಡಲಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಉಚಿತವಾದುದು ಕಳಪೆ ಎಂಬ ಭಾವನೆಯಿಂದ ದುಬಾರಿ ಟಾನಿಕ್‌ಗೆ ಹಣ ಸುರಿಯುವವರು ಅದರ ಲೇಬಲ್ಲನ್ನೊಮ್ಮೆ ಓದುವುದು ಒಳ್ಳೆಯದು. ಲವಣದ ತೂಕ ಬೇರೆ, ಅದರಲ್ಲಿರುವ ಕಬ್ಬಿಣದ ತೂಕ ಬೇರೆ. ಉದಾಹರಣೆಗೆ, ಫೆರಸ್ ಫ್ಯೂಮರೇಟ್‌ನಲ್ಲಿ ಕಬ್ಬಿಣವಿರುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ.

ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ, ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಕಪ್ಪಾಗುವುದು ಮಲ ಮಾತ್ರ, ಅದು ಸಹಜ. ವಾಕರಿಕೆಯಾದರೆ ರಾತ್ರಿ ಊಟದ ನಂತರ ಸೇವಿಸಬಹುದು. ಗುಳಿಗೆಯೊಡನೆ ಕಾಫಿ, ಟೀ ಬೇಡ. ನಿಂಬೆಹಣ್ಣಿನ ಪಾನಕ ಉತ್ತಮ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಆಗ ದಿನಕ್ಕೊಂದು ಗುಳಿಗೆ ಸಾಲದು. 7ಕ್ಕಿಂತ ಕಡಿಮೆಯಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನಮ್ಮ ಸೀಮೆಯ ರಾಗಿಯಲ್ಲಿಯೇ ಹೇರಳವಾಗಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ದೊರೆಯುತ್ತದೆ. ಆದರೂ ಮುದ್ದೆಯೊಂದನ್ನೇ ನೆಚ್ಚದೆ, ನಾಲ್ಕನೆಯ ತಿಂಗಳಿನಿಂದ ಡಿ ಜೀವಸತ್ವವಿರುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಗುಳಿಗೆಯನ್ನು ದಿನಕ್ಕೆರಡು ಬಾರಿ ಊಟದೊಡನೆ ನೀಡುವುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಲಿ; ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

'ಎ' ಜೀವಸತ್ವದ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ರೆಟಿನಾಲ್ ರೂಪದಲ್ಲಿ ದಿನಕ್ಕೆ 10,000 ಯೂನಿಟ್ ಮೀರಿದರೆ ಭ್ರೂಣಕ್ಕೆ ಹಾನಿಯಾಗುವ ಸಂಭವವಿದೆ. ಮಲ್ಟಿವಿಟಮಿನ್ ಜೊತೆಗೆ ಕಾಡ್ ಲಿವರ್ ಎಣ್ಣೆಯನ್ನೂ ಸೇವಿಸುವವರು ವೈದ್ಯರಿಗೆ ಎರಡನ್ನೂ ತೋರಿಸಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೆಂಪು ಗುಳಿಗೆಗಳನ್ನು ಕೈಗೆಟುಕದಂತೆ ಇಡಬೇಕು. ಸಕ್ಕರೆಯ ಲೇಪವಿರುವ ಇವು ಪೆಪ್ಪರ್‌ಮಿಂಟ್‌ನಂತೆ ಕಾಣುತ್ತವೆ. ಮಗು ಒಮ್ಮೆಗೇ ಹಲವನ್ನು ನುಂಗಿದರೆ ಪ್ರಾಣಾಪಾಯವುಂಟು.