ವರ್ಣತಂತು
‘ಕ್ರೋಮೋಸೋಮ್’ ಪದವನ್ನು 1888ರಲ್ಲಿ ಟಂಕಿಸಿದವರು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಾಲ್ಡೆಯರ್. ಗ್ರೀಕಿನಲ್ಲಿ ‘ಕ್ರೋಮ’ ಎಂದರೆ ಬಣ್ಣ, ‘ಸೋಮ’ ಎಂದರೆ ದೇಹ. ಕನ್ನಡ ದೇಹವನ್ನು ಬಿಟ್ಟು ‘ತಂತು’ವನ್ನು, ಅಂದರೆ ಎಳೆಯನ್ನು, ಆರಿಸಿಕೊಂಡಿತು. ಟೊಮೆಟೊ ಮೊಗ್ಗಿನ ಪರಾಗಕೋಶವನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಆಯ್ಕೆ ಎಷ್ಟು ಸರಿ ಎನಿಸುತ್ತದೆ: ಉದ್ದನೆಯ ಎಳೆ, ನಡುವೆ ಗಾಢ ಬಣ್ಣ, ತುದಿಗಳತ್ತ ತಿಳಿ. ಹೆಚ್ಚಿನ ವಂಶವಾಹಿಗಳು ಇರುವುದು ಆ ತಿಳಿ ಭಾಗದಲ್ಲೇ.

ಟೊಮೆಟೊಗೆ 12 ಜೊತೆ ವರ್ಣತಂತುಗಳು. ದಕ್ಷಿಣ ಅಮೆರಿಕದ ಕಾಡು ಬಂಧುಗಳಿಗೂ ಅಷ್ಟೇ. ವಿಕಾಸದ ಹಾದಿಯಲ್ಲಿ ಸಂಖ್ಯೆ ಬದಲಾಗಲಿಲ್ಲ, ಆದರೆ ಕೆಲವು ತುಂಡುಗಳು ತಿರುವುಮುರುವಾದವು. ಮಿಶ್ರತಳಿಯಲ್ಲಿ ಅಂಥ ಕಡೆ ವಂಶವಾಹಿಗಳ ಅದಲುಬದಲು ನಡೆಯುವುದು ಅಪರೂಪ. ಕಾಡು ಜಾತಿಯಿಂದ ತಂದ, ಬೇರುಗಂಟು ಜಂತುಹುಳುವನ್ನು ತಡೆಯುವ ವಂಶವಾಹಿ 6ನೇ ವರ್ಣತಂತುವಿನ ಇಂಥದೇ ಜಾಗದಲ್ಲಿದೆ. ತಳಿ ತಜ್ಞರಿಗೆ ಅದನ್ನೊಂದನ್ನೇ ಬಿಡಿಸಿ ತೆಗೆಯುವುದು ಕಷ್ಟ.